ಗಿಲಾವು ಕಾಣದ ಗೋಡೆ

ಸಾವಾದ ಮನೆಗೆ ಮಾತಾಡಿಸಲು ಬರುವವರ ಕಷ್ಟ ಈ ಒಂದು ವರ್ಷದಲ್ಲಿ ನನಗೆ ಚೆನ್ನಾಗಿ ಅರ್ಥವಾಗಿದೆ. ಪಾಪ, ಅವರಿಗೆ ಹೇಳಲು ಇರುವುದು ಎರಡು ಮೂರು ಮಾತು. ‘ಹೀಂಗಾಗ್ತದೆ ಅಂತ ಯಾರಿಗೆ ಗೊತ್ತಿತ್ತು’ ಎನ್ನುತ್ತಾರೆ. ‘ಊಟಗೀಟ ಸರಿಯಾಗಿ ಮಾಡ್ತೀರಲ್ಲ’ ಎನ್ನುತ್ತಾರೆ. ಅಷ್ಟಾದ ಮೇಲೆ ಚಹಾ ಬರುವ ತನಕ ಕಣ್ಣನ್ನು ಎಲ್ಲಿ ಇಟ್ಟುಕೊಳ್ಳುವುದೆಂದು ತಿಳಿಯದೆ ಒದ್ದಾಡುತ್ತಾರೆ. ಬೇರೆ ಮನೆಗಳಲ್ಲಾದರೆ ಕ್ಯಾಲೆಂಡರ್ ಇರುತ್ತದೆ, ಟೀವಿ ಇರುತ್ತದೆ. ಬೇಲೆಕೇರಿ ರಸ್ತೆಯ ನಮ್ಮ ಮನೆಯಲ್ಲಿ ಅದಕ್ಕಿಂತ ಅನುಕೂಲವಿದೆ. ಜಗಲಿಯಲ್ಲಿ ಕುಳಿತವರ ಕಣ್ಣಿಗೆ ನೇರವಾಗಿ ಬೀಳುವಂತೆ, ಸಿಮೆಂಟಿನ ಗಿಲಾವು ಕಾಣದ, ಬಣ್ಣ ಕಾಣದ ಒಂದು ಕೆಂಪು ಇಟ್ಟಿಗೆಯ ಗೋಡೆ ನಿಂತಿದೆ. ಅದನ್ನು ನೋಡಿದ ಕೂಡಲೇ ಅವರ ಮುಖದಲ್ಲಿ ಎಂಥ ಬಿಡುಗಡೆ! ಸತ್ತವಳ ಬಗ್ಗೆ ಮಾತಾಡುವ ಕಷ್ಟ ತಪ್ಪಿತು, ಇನ್ನು ಗೋಡೆಯ ಬಗ್ಗೆ ಮಾತಾಡಬಹುದು.

‘ಇದೆಂತ, ಅರ್ಧಕ್ಕೇ ಬಿಟ್ಟದ್ದಾ?’ ಎಂದು ಒಬ್ಬರು. ‘ಉಪ್ಪು ಗಾಳಿಗೆ ಇಟ್ಟಿಗೆ ತಡೂದಿಲ್ಲ ಮಾರಾಯ್ರೆ, ನಮ್ಮ ಬದಿಗೆ ಚಿರೇಕಲ್ಲೇ ಸೈ’ ಎಂದು ಇನ್ನೊಬ್ಬರು. ಪಕ್ಕದ ಮನೆಯ ಸುಶೀಲಕ್ಕ ಮಾತ್ರ ನನ್ನ ಮೇಲಿನ ಕರುಣೆಯಿಂದಲೇ ಹೇಳಿದರು: ‘ಒಂದು ಗಿಲಾವು ಹೊಡ್ಸಿ, ತಿಳಿಹಸಿರು ಬಣ್ಣ ಹಚ್ಚಿ ಬಿಡಿ. ಮನಸ್ಸು ಹಗುರ ಆಗ್ತದೆ.’ ದುಃಖಕ್ಕೆ ತಿಳಿಹಸಿರು ಬಣ್ಣ ಮದ್ದೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಆಸ್ಪತ್ರೆಯಿಂದ ಬರುವಾಗಲೇ ಒಂದು ಡಬ್ಬ ತರುತ್ತಿದ್ದೆ. ಅದಿರಿನ ಲಾರಿಗಳು ಬಂದರಿಗೆ ಸಾಲುಗಟ್ಟಿ ಓಡುತ್ತಿದ್ದ ಕಾಲದಲ್ಲಿ ಈ ರಸ್ತೆಯ ಮನೆ, ಮರ, ಎಮ್ಮೆ, ಒಣಹಾಕಿದ ಅಂಗಿ ಎಲ್ಲವೂ ಕೆಂಪಾಗಿದ್ದವು. ಆಗ ಯಾರೂ ಯಾರಿಗೂ ಬಣ್ಣದ ಸಲಹೆ ಕೊಟ್ಟದ್ದು ನನಗೆ ನೆನಪಿಲ್ಲ.

ಗೋಡೆ ನನ್ನ ಹೆಂಡತಿ ನಾಗವೇಣಿಯದು. ಹೆದ್ದಾರಿ ಅಗಲ ಮಾಡುವಾಗ ಹಟ್ಟಿಕೇರಿಯ ಅವಳ ತವರುಮನೆ ಹೋಯಿತು. ಅದು ಅವಳ ಅಪ್ಪ ಕಟ್ಟಿಸಿದ ಮನೆ. ಸುತ್ತಲಿನವರೆಲ್ಲ ಕಲ್ಲುಗಣಿಯಿಂದ ಚಿರೆಕಲ್ಲು ತರಿಸಿದರೆ ಆ ಮಹಾನುಭಾವರು ಗದ್ದೆಯ ಮಣ್ಣಿನಲ್ಲಿ ಇಟ್ಟಿಗೆ ಸುಡಿಸಿ, ಸುಣ್ಣದ ಗಾರೆಯಲ್ಲಿ ಕಟ್ಟಿಸಿದ್ದರು. ಸಿಮೆಂಟಿನಲ್ಲಿ ಕಟ್ಟಿದ್ದರೆ ಕೆಡವುವಾಗ ಇಟ್ಟಿಗೆಯೂ ಪುಡಿಯಾಗುತ್ತಿತ್ತು. ಸುಣ್ಣದ ಗಾರೆಯಾದ್ದರಿಂದ ಒಂದೊಂದೂ ಇಡಿಯಾಗಿ ಬಿಟ್ಟುಕೊಂಡು ಬಂತು. ಎಲ್ಲರೂ ಬಾಗಿಲು, ತೊಲೆ, ಹಂಚು ಹಂಚಿಕೊಳ್ಳುತ್ತಿದ್ದಾಗ ಇವಳು ಧೂಳಿನಲ್ಲಿ ಕುಳಿತು ಇಟ್ಟಿಗೆ ಆರಿಸುತ್ತಿದ್ದಳು. ಹೆಂಗಸರು ಮದುವೆಯಾದ ಹೊಸತರಲ್ಲಿ ತವರಿನಿಂದ ಪಾತ್ರೆ ಪಗಡ ತರುವುದುಂಟು. ತಲೆ ನೆರೆತ ಮೇಲೆ ಟೆಂಪೋದಲ್ಲಿ ಇಟ್ಟಿಗೆ ಹೇರಿಕೊಂಡು ಬಂದವಳು ಇವಳೊಬ್ಬಳೇ ಇರಬೇಕು.

‘ಇದನ್ನ ಇಟ್ಕೊಂಡು ಎಂತ ಮಾಡ್ತೆ?’ ಎಂದು ಕೇಳಿದೆ.

‘ಉಪ್ಪಿನಕಾಯಿ ಹಾಕ್ತೆ. ನೀವು ದಾರಿ ಬಿಡಿ, ಟೆಂಪೋ ಒಳಗೆ ಬರೂಕೆ ಆಗೂದಿಲ್ಲ’ ಎಂದಳು.

ಜಗಲಿಯ ಪಡುವಣ ಬದಿ ಬಯಲಾಗಿತ್ತು. ಸಮುದ್ರದ ಗಾಳಿ ನೇರ ಅಡಿಗೆಮನೆಯ ತನಕ ಬಂದು ಒಲೆ ಆರಿಸಿ ಹೋಗುತ್ತಿತ್ತು. ಅಲ್ಲಿ ಗೋಡೆ ಏರಿತು. ಮೇಸ್ತ್ರಿ ಇಟ್ಟಿಗೆಯನ್ನು ನೇರವಾಗಿಯೇ ಇಟ್ಟಿದ್ದ, ತಪ್ಪು ಹೇಳಬಾರದು. ಆದರೆ ಇಟ್ಟಿಗೆಗಳ ನಡುವಿನ ಸಂದು ತುಂಬುವ ಕೆಲಸ ಅರ್ಧವಾದಾಗ ಅವನು ಊಟಕ್ಕೆಂದು ಹೋದವನು ಸಂಜೆಯಾದರೂ ಬರಲಿಲ್ಲ. ಕಲಸಿದ ಗಾರೆ ಗಟ್ಟಿಯಾಗುತ್ತದೆಂದು ನಾಗವೇಣಿ ಸೀರೆಯ ಸೆರಗು ಸಿಕ್ಕಿಸಿಕೊಂಡು ಬೆರಳಿನಲ್ಲೇ ತುಂಬಿದಳು. ಹಾಗಾಗಿ ನಮ್ಮ ಗೋಡೆಯ ಮೇಲಿನ ಅರ್ಧದ ಸಂದು ಮೇಸ್ತ್ರಿಯ ಕರಣೆಯಲ್ಲಿ ಎಳೆದ ಗೆರೆ. ಕೆಳಗಿನ ಅರ್ಧ ಅವಳ ತೋರುಬೆರಳು ಹೋದ ದಾರಿ. ಗಾರೆಗೆ ಬೆರಳು ಸುಟ್ಟು ಎರಡು ದಿನ ಅವಳಿಗೆ ಅನ್ನ ಕಲಸಲಾಗಲಿಲ್ಲ. ನಾನು ಸಮಾಧಾನ ಹೇಳುವ ಬದಲು, ಬೆಕ್ಕು ನಡೆದ ಹಾಗೆ ಕಾಣುತ್ತದೆ ಎಂದೆ. ಗಂಡಂದಿರು ಆಡುವ ಮಾತಿನಂತೆ ಅದೂ ಗಾಳಿಗೆ ಹೋಯಿತು. ಗೆರೆ ಹೋಗಲಿಲ್ಲ.

ಈಗ ಓದುಗರಿಗೆ ಒಂದು ವಿಷಯ ಸ್ಪಷ್ಟವಾಗಿರಬಹುದು. ನನಗೆ ಆ ಗೋಡೆ ಇದ್ದ ಹಾಗೆಯೇ ಇರಬೇಕು. ಅದರ ಮೇಲೆ ಗಿಲಾವು ಬಿದ್ದರೆ ಆ ಬೆರಳು ಒಳಗೆ ಹೋಗುತ್ತದೆ, ಮತ್ತೆ ಬರುವುದಿಲ್ಲ. ಇಷ್ಟು ಸರಳವಾದದ್ದನ್ನು ಬಾಯಿ ಬಿಟ್ಟು ಹೇಳಿದರಾಯಿತಲ್ಲ ಎಂದು ನೀವು ಕೇಳಬಹುದು. ಕಾರವಾರದ ಕಚೇರಿಯಲ್ಲಿ ಇಡೀ ನೌಕರಿಯನ್ನು ‘ಆಯ್ತು ಸರ್’ ಎಂದೇ ಮುಗಿಸಿದವನ ಬಾಯಿಗೆ ಅಂಥ ಮಾತು ಅಷ್ಟು ಸುಲಭವಾಗಿ ಬರುವುದಿಲ್ಲ.

ಕಾರವಾರ ಎಂದಾಗ ನೆನಪಾಯಿತು. ಅಲ್ಲಿ ಒಮ್ಮೆ ಮನೆ ಕಟ್ಟುವುದರ ಬಗ್ಗೆ ಉಪನ್ಯಾಸವಿದೆಯೆಂದು ನಾವಿಬ್ಬರೂ ಹೋಗಿದ್ದೆವು. ನಾಗವೇಣಿಗೆ ತನ್ನ ಗೋಡೆಯ ಪರ ಸಾಕ್ಷಿ ಬೇಕಾಗಿತ್ತು. ಇಟ್ಟಿಗೆ ಎಷ್ಟು ಒಳ್ಳೆಯದು, ತಲೆಮಾರುಗಳ ತನಕ ಬಾಳಿಕೆ ಬರುತ್ತದೆ, ಒಂದು ಮನೆಯಿಂದ ತೆಗೆದು ಇನ್ನೊಂದಕ್ಕೆ ಹಾಕಬಹುದು, ಬಿಸಿಲಿಗೆ ಒಳಗನ್ನು ತಂಪಾಗಿಡುತ್ತದೆ ಎಂದು ಇಂಜಿನಿಯರರು ಬಹಳ ಚೆನ್ನಾಗಿ ಹೇಳಿದರು. ಸಭಾಂಗಣಕ್ಕೆ ಸುತ್ತಲೂ ಗಾಜು. ಏಸಿ ನಡುವೆ ಕೆಟ್ಟಿತು. ತಂಪಿನ ಭಾಷಣವನ್ನು ನಾವೆಲ್ಲ ಆಮಂತ್ರಣ ಪತ್ರಿಕೆಯಲ್ಲಿ ಗಾಳಿ ಹಾಕಿಕೊಳ್ಳುತ್ತ ಕೇಳಿದೆವು. ಬಸ್ಸಿನಲ್ಲಿ ಬರುವಾಗ ನಾಗವೇಣಿ, ‘ನಮ್ಮಪ್ಪ ಭಾಷಣ ಮಾಡ್ದೇ ಕಟ್ಟಿದ್ರು’ ಎಂದು ಅಂಕೋಲೆಯವರೆಗೂ ಹೇಳುತ್ತ ಬಂದಳು.

ಆದರೂ ಇಟ್ಟಿಗೆಗೆ ಒಂದು ರಗಳೆ ಇದೆ, ಮುಚ್ಚಿಡಬಾರದು. ನಮ್ಮ ಮಳೆ ಮೇಲಿನಿಂದ ಬೀಳುವುದಿಲ್ಲ, ಸಮುದ್ರದ ಕಡೆಯಿಂದ ಅಡ್ಡಲಾಗಿ ಬಂದು ಹೊಡೆಯುತ್ತದೆ. ಅದಕ್ಕೇ ಪ್ರತಿ ವರ್ಷ ಮೇ ತಿಂಗಳಲ್ಲಿ ನಾಗವೇಣಿ ಗೋಡೆಯ ಹೊರಬದಿಗೆ ಮಡಲು ಕಟ್ಟುತ್ತಿದ್ದಳು. ಹೆಣೆದ ತೆಂಗಿನ ಗರಿಯ ಅಂಗಿ ತೊಟ್ಟು ಗೋಡೆ ಮಳೆಗಾಲ ಕಳೆಯುತ್ತಿತ್ತು. ಅವಳು ಹೋದ ಮೇಲಿನ ಮೊದಲ ಮಳೆಗಾಲಕ್ಕೆ ಆ ಕೆಲಸ ನನ್ನ ಪಾಲಿಗೆ ಬಂತು. ಮಡಲು ಹೆಣೆಯಲು ನನಗೆ ಬರುವುದಿಲ್ಲ. ನಾನು ಬುದ್ಧಿವಂತ. ಪೇಟೆಯಿಂದ ನೀಲಿ ಪ್ಲಾಸ್ಟಿಕ್ ತಾಡಪಾಲು ತಂದು ಗೋಡೆಗೆ ಬಿಗಿಯಾಗಿ ಸುತ್ತಿ, ಒಂದು ಹನಿಯೂ ಒಳಗೆ ಹೋಗದಂತೆ ಮಾಡಿದೆ. ಹನಿ ಒಳಗೆ ಹೋಗಲಿಲ್ಲ, ನಿಜ. ಒಳಗಿದ್ದ ತೇವವೂ ಹೊರಗೆ ಹೋಗಲಿಲ್ಲ. ನವರಾತ್ರಿಗೆ ಬಿಚ್ಚಿ ನೋಡಿದರೆ ಗೋಡೆಯ ಮೇಲೆ ಹಸಿರು ಪಾಚಿ, ಪಾಚಿಯ ಮೇಲೆ ಬಿಳಿಯ ಉಪ್ಪು. ಸುಶೀಲಕ್ಕ ಬೇಲಿಯ ಆಚೆಯಿಂದ, ‘ತಿಳಿಹಸಿರು ತನ್ನಿಂದ ತಾನೇ ಬಂತಲ್ಲ!’ ಎಂದರು.

ಈ ಸುದ್ದಿ ಹಟ್ಟಿಕೇರಿಗೆ ತಲುಪಿತು. ಅಲ್ಲಿ ನಾಗವೇಣಿಯ ತಮ್ಮ ವಿಠೋಬ ಹೆದ್ದಾರಿಯಿಂದ ಒಳಗೆ ಹೊಸ ಮನೆ ಕಟ್ಟಿಸಿಕೊಂಡಿದ್ದಾನೆ. ಮನೆಯೆಲ್ಲ ಸಿಮೆಂಟ್ ಬ್ಲಾಕು. ಮಧ್ಯಾಹ್ನ ಒಳಗೆ ಕುಳಿತರೆ ಹಪ್ಪಳ ತಾನಾಗಿ ಸುಡುತ್ತದೆ. ಆದರೆ ಪಡಸಾಲೆಯಲ್ಲಿ, ಟೀವಿಯ ಹಿಂದೆ, ಇಟ್ಟಿಗೆಯ ಚಿತ್ರವಿರುವ ಕಾಗದ ಅಂಟಿಸಿದ್ದಾನೆ. ಅಪ್ಪ ಸುಡಿಸಿದ ಇಟ್ಟಿಗೆ ಬೇಡವೆಂದವನು ಕಾಗದದ ಇಟ್ಟಿಗೆಯನ್ನು ಗೋವೆಯಿಂದ ತರಿಸಿದ. ‘ಈಗ ಇದೇ ಫ್ಯಾಶನ್ನು ಭಾವ’ ಎಂದು ಅದರ ಮೇಲೆ ಕೈಯಾಡಿಸಿ ತೋರಿಸಿದ್ದ. ಒಂದು ಮೂಲೆ ಬಿಟ್ಟುಕೊಂಡು ಬಂದಿತ್ತು. ನಾಗವೇಣಿ ಅದನ್ನು ಉಗುಳು ಹಚ್ಚಿ ಅಂಟಿಸಿ ಕೊಟ್ಟು ಬಂದಿದ್ದಳು.

ಅಕ್ಕನ ವರ್ಷದ ಕಾರ್ಯ ಹತ್ತಿರ ಬಂದಾಗ ಅವನು ಹೊಸ ಮೇಸ್ತ್ರಿಯೊಬ್ಬನನ್ನು ಬೈಕಿನ ಹಿಂದೆ ಕೂರಿಸಿಕೊಂಡೇ ಬಂದ. ‘ನೆಂಟರು ಬರ್ತರು ಭಾವ. ಈ ಪಾಚಿ ಗೋಡೆ ನೋಡಿ ಎಂತ ತಿಳ್ಕಣೂದಿಲ್ಲ ಅವರು? ಅಕ್ಕ ಹೋದ್ಮೇಲೆ ಭಾವ ಮನೇನೇ ಬಿಟ್ಟುಬಿಟ್ರು ಅಂತರು. ನೀವು ಸುಮ್ನೆ ಕುಂತ್ಕಣಿ, ಎಲ್ಲ ನಾನು ನೋಡ್ಕಂತೆ.’ ಅವನ ದನಿಯಲ್ಲಿ ಪ್ರೀತಿಯೇ ಇತ್ತು. ಪ್ರೀತಿಯಿಂದ ಬಂದವರಿಗೆ ಇಲ್ಲ ಎನ್ನುವುದು ಇನ್ನೂ ಕಷ್ಟ.

ಮೇಸ್ತ್ರಿ ಗೋಡೆಯ ಮೇಲೆ ಕೈ ತಟ್ಟಿ, ‘ಮೊದಲು ಈ ಸಂದು ಎಲ್ಲ ಕೆರೀಬೇಕು. ಇಲ್ದಿದ್ರೆ ಗಿಲಾವು ಹಿಡೂದಿಲ್ಲ’ ಎಂದು ಚೀಲದಿಂದ ಉಳಿ ತೆಗೆದ. ಕೆಳಗಿನ ಬದಿ ನೋಡಿ, ‘ಇದು ಯಾರು ಮಾಡಿದ್ದು? ಕೈಯಲ್ಲೇ ಮಾಡಿದಂಗದೆ’ ಎಂದು ನಕ್ಕ.

ನಾನು ಆಗ ಮಾಡಿದ್ದನ್ನು ಧೈರ್ಯ ಎಂದು ದಯವಿಟ್ಟು ತಿಳಿಯಬೇಡಿ. ಕುರ್ಚಿಯನ್ನು ಎಳೆದು ಗೋಡೆಗೆ ಒತ್ತಿ ಇಟ್ಟೆ. ಕುಳಿತೆ. ಬೆನ್ನನ್ನು ಗೋಡೆಗೆ ಆನಿಸಿ, ‘ಅಯ್ಯೋ’ ಎಂದೆ.

‘ಎಂತಾಯ್ತು ಭಾವ?’

‘ಸೊಂಟ ಹಿಡ್ಕಂತು. ಏಳೂಕೆ ಆಗೂದಿಲ್ಲ.’

ಇಬ್ಬರೂ ಸೇರಿ ಕುರ್ಚಿಸಮೇತ ಎತ್ತಲು ನೋಡಿದರು. ನಾನು ಕೂಗಿದ ಕೂಗಿಗೆ ಸುಶೀಲಕ್ಕ ಬೇಲಿ ದಾಟಿ ಬಂದರು. ಬಿಸಿನೀರಿನ ಚೀಲ ಬಂತು, ಮುಲಾಮು ಬಂತು. ಚಹಾ ಎರಡು ಸಲ ಬಂತು. ಮೇಸ್ತ್ರಿ ಉಳಿ ಹಿಡಿದುಕೊಂಡು ನನ್ನ ಎಡಕ್ಕೂ ಬಲಕ್ಕೂ ನೋಡಿ, ‘ಇವರನ್ನ ಬಿಟ್ಟು ಸುತ್ತ ಗಿಲಾವು ಮಾಡೂದಾ ವಿಠೋಬಣ್ಣ? ಆಮೇಲೆ ಮೂರ್ತಿ ಇಟ್ಟಂಗೆ ಕಾಣ್ತದೆ’ ಎಂದ. ನಾನು ಕಣ್ಣು ಮುಚ್ಚಿಕೊಂಡೆ. ಮೂರ್ತಿಗಳು ಮಾತಾಡುವುದಿಲ್ಲ. ಮಧ್ಯಾಹ್ನದ ಊಟವನ್ನೂ ನಾನು ಅಲ್ಲೇ ಮಾಡಿದೆ. ಕೊನೆಗೆ ಮೇಸ್ತ್ರಿಗೆ ಸಾಕಾಯಿತು. ‘ನಾಳಿಂದ ನಂಗೆ ಕಾರವಾರದಲ್ಲಿ ಕೆಲಸ ಅದೆ. ಇನ್ನು ಮೇ ತಿಂಗಳ ತನಕ ಸಿಗೂದಿಲ್ಲ’ ಎಂದು ಉಳಿಯನ್ನು ಚೀಲಕ್ಕೆ ಹಾಕಿದ. ವಿಠೋಬ ಅವನನ್ನು ಬೈಕಿನಲ್ಲಿ ಕೂರಿಸಿಕೊಂಡು ಹೋಗುವಾಗ, ‘ಗೋಡೆ ಇರ್ಲಿ ಭಾವ, ಮೊದ್ಲು ಸೊಂಟ ನೋಡ್ಕಣಿ’ ಎಂದ.

ಸಂಜೆಗೆ ಮಾಜಾಳಿಯಲ್ಲಿರುವ ಮಗಳು ಎಣ್ಣೆಯ ಬಾಟಲಿ ಹಿಡಿದು ಓಡಿ ಬಂದಳು. ಮಾವ ಫೋನು ಮಾಡಿ ಹೆದರಿಸಿದ್ದ. ‘ಯಾವ ಬದಿ ನೋವು ಅಪ್ಪಾ?’ ಎಂದಳು. ಎಡಕ್ಕೆ ಎಂದೆ. ‘ಮಾವನ ಹತ್ರ ಬಲ ಅಂದಿದ್ರಂತೆ.’ ಅವಳು ನನ್ನ ಭುಜದ ಪಕ್ಕ ಬಗ್ಗಿ, ಗೋಡೆಯ ಸಂದಿನಲ್ಲಿ ಬೆರಳಿಟ್ಟು ಸ್ವಲ್ಪ ದೂರ ಎಳೆದುಕೊಂಡು ಹೋದಳು. ಅವಳ ಬೆರಳು ಅದರಲ್ಲಿ ಸರಿಯಾಗಿ ಕುಳಿತುಕೊಂಡಿತು. ಮೂಗು ಒರೆಸಿಕೊಂಡು, ‘ಮೇಸ್ತ್ರಿ ಹೋಗಿ ಆಯ್ತು. ಇನ್ನು ಏಳಿ ಅಪ್ಪಾ, ನಾಟಕ ಸಾಕು’ ಎಂದಳು.

ಏಳಲು ಹೋದೆ. ಏಳಲಾಗಲಿಲ್ಲ. ಬೆಳಗಿನಿಂದ ಇಟ್ಟಿಗೆಯ ಅಂಚಿಗೆ ಒತ್ತಿಕೊಂಡಿದ್ದ ಸೊಂಟ ನಿಜವಾಗಿಯೂ ಹಿಡಿದುಕೊಂಡಿತ್ತು.

‘ಇಲ್ಲ ಮಗಾ, ಈಗ ನಿಜವಾಗಿ ನೋವು.’

‘ಹೌದು ಹೌದು’ ಎಂದು ಅವಳು ಬಾಟಲಿಯ ಮುಚ್ಚಳ ಹಾಕಿ ಚಹಾ ಮಾಡಲು ಒಳಗೆ ಹೋದಳು. ಎಷ್ಟು ಕರೆದರೂ ಬರಲಿಲ್ಲ. ಸುಶೀಲಕ್ಕನನ್ನು ಕೂಗಿದೆ, ಅವರೂ ಬೇಲಿಯ ಆಚೆಯಿಂದ ನಕ್ಕು ಹೋದರು. ಇಷ್ಟನ್ನೆಲ್ಲ ಆ ಕುರ್ಚಿಯಲ್ಲಿ ಕುಳಿತೇ ಬರೆದಿದ್ದೇನೆ. ನೀವಾದರೂ ನಂಬಬೇಕು.