ಕತ್ತಿನವರೆಗೆ ತುಂಬಿದ ಕ್ಯಾನು

ಗಂಡ: ಕಡಿಮೆ ಇದ್ರೆ ಕೇಳಿ, ಒಪ್ಕೋತೀನಿ. ಜಾಸ್ತಿ ಇದ್ರೂ ತಕರಾರು ಅಂದ್ರೆ ಹೆಂಗಮ್ಮಾ?

ಲ್ಯಾಬಿನಾಕೆ: ಯಜಮಾನ್ರೇ, ಇದು ನಾಲ್ಕು ಲೀಟರ್ ಕ್ಯಾನು. ಕತ್ತಿನವರೆಗೂ ತುಂಬಿದೆ. ಒಂದೇ ದಿನದ್ದಾ ಇದು?

ಗಂಡ: ಒಂದೇ ದಿನದ್ದು. ನಿನ್ನೆ ಬೆಳಿಗ್ಗೆ ಏಳರಿಂದ ಇವತ್ತು ಬೆಳಿಗ್ಗೆ ಏಳರವರೆಗೆ.

ಲ್ಯಾಬಿನಾಕೆ: ಒಬ್ಬರದ್ದೇ?

ಹೆಂಡತಿ: ಇದೇನು ಕೇಳ್ತೀರಾ ತಾಯಿ, ಇದಕ್ಕೆಲ್ಲ ಪಾಲುದಾರರು ಇರ್ತಾರಾ?

ಗಂಡ ಗೋಡೆಯ ಗಡಿಯಾರವನ್ನು ನೋಡಿದ. ಮೂವತ್ತು ವರ್ಷಗಳಿಂದ ಮನೆಮನೆಗೆ ಕುಡಿಯುವ ನೀರಿನ ಕ್ಯಾನು ಹೊತ್ತು ಹಾಕುವವನು ಅವನು. ಇಂದಿನವರೆಗೆ ಯಾರ ಬಾಗಿಲಿಗೂ ಅರೆ ತುಂಬಿದ ಕ್ಯಾನು ಇಳಿಸಿದವನಲ್ಲ. ತಿಂಗಳಿಂದ ಪಾದ ಊದಿಕೊಂಡು ಚಪ್ಪಲಿ ಹಿಡಿಸುತ್ತಿರಲಿಲ್ಲ. ಕಿಡ್ನಿ ಹೇಗಿದೆಯೋ ನೋಡೋಣ, ಒಂದು ದಿನದ ಮೂತ್ರವನ್ನೆಲ್ಲ ಹಿಡಿದು ತನ್ನಿ, ಫಲಿತಾಂಶ ಸರಿ ಬಾರದಿದ್ದರೆ ಇನ್ನು ಭಾರ ಹೊರುವಂತಿಲ್ಲ ಎಂದಿದ್ದರು ಡಾಕ್ಟರು. ಆ ಮಾತು ಅವನ ಎದೆಯ ಮೇಲೆ ಕಲ್ಲಿನ ಹಾಗೆ ಕುಳಿತಿತ್ತು.

ಗಂಡ: ಹೋಗ್ಲಿ, ಒಳ್ಳೇ ಕಿಡ್ನಿ ದಿನಕ್ಕೆ ಎಷ್ಟು ಕೊಡತ್ತೆ, ಹೇಳಿ ನೋಡೋಣ.

ಲ್ಯಾಬಿನಾಕೆ: ಒಂದೂವರೆ ಲೀಟರ್. ಹೆಚ್ಚೆಂದ್ರೆ ಎರಡು.

ಗಂಡ: ಅಷ್ಟೇನಾ! ಎರಡೆರಡು ಇಟ್ಕೊಂಡು?

ಲ್ಯಾಬಿನಾಕೆ: ಹೊರಗೆ ಬಿಡೋದು ಅಷ್ಟು. ಸೋಸೋದು ದಿನಕ್ಕೆ ನೂರೆಂಬತ್ತು ಲೀಟರ್.

ಅವನ ಬೆರಳುಗಳು ತಾವಾಗಿಯೇ ಮಡಚಿಕೊಂಡವು. ಇಪ್ಪತ್ತು ಲೀಟರಿನ ಕ್ಯಾನಿನ ಲೆಕ್ಕದಲ್ಲಿ ಒಂಬತ್ತು!

ಗಂಡ: ತಾಳಿ ತಾಳಿ. ಒಂಬತ್ತು ಕ್ಯಾನ್ ಒಳಗೆ ಹೋಗಿ ಒಂದೂವರೆ ಲೀಟರ್ ಹೊರಗೆ ಬಂದ್ರೆ, ಉಳಿದಿದ್ದು ಎಲ್ಲಿ? ಯಾರೋ ಮಧ್ಯದಲ್ಲಿ ಹೊಡೀತಿದಾರೆ.

ಲ್ಯಾಬಿನಾಕೆ: ಯಾರೂ ಹೊಡೀತಿಲ್ಲ. ರಕ್ತಕ್ಕೇ ವಾಪಸ್. ಒಂದೊಂದು ಕಿಡ್ನಿಯಲ್ಲೂ ಹತ್ತು ಲಕ್ಷದಷ್ಟು ಪುಟ್ಟ ಜರಡಿ ಇವೆ. ಬೇಕಾದ ನೀರು, ಉಪ್ಪು, ಸಕ್ಕರೆ ಎಲ್ಲ ಹಿಂದಕ್ಕೆ ಎಳ್ಕೊಂಡು, ಕಸ ಮತ್ತೆ ಮಿಕ್ಕ ನೀರನ್ನ ಮಾತ್ರ ಕೆಳಗಿನ ಚೀಲಕ್ಕೆ ಇಳಿಸತ್ತೆ. ಚೀಲ ತುಂಬ್ತಾ ಬಂದ ಹಾಗೆ ನಿಮಗೆ ಅವಸರ ಆಗತ್ತೆ.

ಗಂಡ: ಅಂದ್ರೆ ಹಳೇ ನೀರನ್ನೇ ಸೋಸಿ ಸೋಸಿ ಮತ್ತೆ ಅದೇ ಮನೆಗೆ ಹಾಕೋದು! ನಾನು ಹಾಗೆ ಮಾಡಿದ್ರೆ ಗಿರಾಕಿಗಳು ಕಾಲಲ್ಲಿರೋದನ್ನ ಕೈಗೆ ತಗೋತಾರೆ.

ಹೆಂಡತಿ: ಮುಷ್ಟಿಯಷ್ಟಿದ್ಕೊಂಡು, ತಳ್ಳೋ ಗಾಡಿನೂ ಇಲ್ದೆ, ಒಂದು ದಿನಾನೂ ಸೊಂಟ ನೋವು ಅಂದಿಲ್ಲ ಆ ಕಿಡ್ನಿ. ನೀವು ಒಂಬತ್ತು ಕ್ಯಾನ್ ಇಳಿಸಿ ಬಂದ್ರೆ ಮನೇಲಿ ಬೆಕ್ಕೂ ಮಿಯಾಂವ್ ಅನ್ನೋ ಹಾಗಿಲ್ಲ.

ಗಂಡ ಒಂದು ಕೈಯನ್ನು ಮೆಲ್ಲನೆ ಬೆನ್ನ ಹಿಂದೆ, ಪಕ್ಕೆಲುಬಿನ ಕೆಳಗೆ ಇಟ್ಟುಕೊಂಡ. ಜೊತೆಯಲ್ಲೇ ದುಡಿಯುವವನನ್ನು ಇಷ್ಟು ವರ್ಷ ಗುರುತಿಸದೆ ಹೋದ ನಾಚಿಕೆ ಅವನ ಮುಖದಲ್ಲಿತ್ತು.

ಲ್ಯಾಬಿನಾಕೆ: ಈಗ ನಿಜ ಹೇಳಿ. ನೀರು ಬೆರೆಸಿದ್ರಾ?

ಗಂಡ: ನೀರಾ? ಮೂವತ್ತು ವರ್ಷದಲ್ಲಿ ಒಂದು ಹನಿ ನಲ್ಲಿನೀರು ಬೆರೆಸಿಲ್ಲ ನಾನು! ಅದು ಅಪ್ಪಟ... ಅದೇ... ಅಪ್ಪಟ ಮಾಲು.

ಹೆಂಡತಿ: ರೀ. ನನ್ನ ಮುಖ ನೋಡಿ ಹೇಳಿ.

ಗಂಡ: ನಂದು ಒಂದೂಕಾಲು ಲೀಟರ್ ಆಗಿತ್ತು ಕಣೇ. ತಳದಲ್ಲಿ ಅಲ್ಲಾಡ್ತಾ ಇತ್ತು. ಹಾಗೆ ತಂದು ಇಟ್ರೆ ಡಾಕ್ಟ್ರು ಏನಂದ್ಕೋಬೇಕು? ಅದಕ್ಕೇ ನಿನ್ನ ತಮ್ಮನ ಹತ್ರ ಒಂದೂಮುಕ್ಕಾಲು ಈಸ್ಕೊಂಡೆ.

ಹೆಂಡತಿ: ನನ್ನ ತಮ್ಮನ ಹತ್ರ?

ಗಂಡ: ಜನ ಕಿಡ್ನಿನೇ ಕೊಡ್ತಾರೆ ಭಾವ, ನಾನು ಇಷ್ಟೂ ಕೊಡ್ಬಾರ್ದಾ ಅಂದ. ಕಣ್ಣಲ್ಲಿ ನೀರು ಬಂತು ನಂಗೆ.

ಲ್ಯಾಬಿನಾಕೆ: ಅಯ್ಯೋ ಯಜಮಾನ್ರೇ! ತುಂಬಿಸಿ ಅಂತ ಯಾರು ಹೇಳಿದ್ರು? ಕ್ಯಾನು ದೊಡ್ಡದಿರೋದು ಚೆಲ್ಲದೆ ಇರ್ಲಿ ಅಂತ. ಇದನ್ನ ನಂಬಿ ಡಾಕ್ಟ್ರು ಮಾತ್ರೆ ಬರೆದಿದ್ರೆ, ನಿಮ್ಮ ಭಾಮೈದನ ಕಿಡ್ನಿಗೆ ನೀವು ಔಷಧಿ ಕುಡೀತಿದ್ರಿ. ನಿಮ್ಮ ಕಾಲು ಊದ್ತಾನೇ ಇರೋದು.

ಹೆಂಡತಿ: ದೇವರೇ, ಇಂಥವರನ್ನ ಕಟ್ಕೊಂಡು ನಾನು ಬದುಕಿದೀನಲ್ಲ! ಬುದ್ಧಿ ಬೇಡ್ವಾ? ಒಬ್ಬರ ಕ್ಯಾನಿಗೆ ಇನ್ನೊಬ್ಬರು...

ಲ್ಯಾಬಿನಾಕೆ ಅವಳನ್ನು ತಡೆದು, ಕ್ಯಾನಿನ ಮೈಮೇಲಿನ ಗೆರೆಗಳ ಮೇಲೆ ಬೆರಳಾಡಿಸಿದಳು.

ಲ್ಯಾಬಿನಾಕೆ: ಒಂದೂಕಾಲು, ಒಂದೂಮುಕ್ಕಾಲು. ಮೂರಾಯ್ತು. ಇಲ್ಲಿ ನಾಲ್ಕಿದೆ.

ಗಂಡ: ಅದೇ ಆಶ್ಚರ್ಯ ನೋಡಿ! ಇವತ್ತು ಬೆಳಿಗ್ಗೆ ಮೊದಲ ಸುತ್ತು ನೀರು ಹಾಕಿ ಬಂದು ನೋಡ್ತೀನಿ, ಕ್ಯಾನು ಭರ್ತಿ. ದೇವರು ಕಣ್ಬಿಟ್ಟ ಅಂತ ಕೈ ಮುಗಿದೆ.

ಹೆಂಡತಿ: ದೇವರಿಗೇನು ಬೇರೆ ಕೆಲಸ ಇಲ್ವಾ?

ಅವಳು ಹಾಗೆಂದಳೇ ಹೊರತು ದನಿಯಲ್ಲಿ ಹಿಂದಿನ ಬಿಸಿ ಇರಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಛಾವಣಿಯ ಫ್ಯಾನು ನೋಡತೊಡಗಿದಳು. ಅದು ನಿಂತಿತ್ತು. ಗಂಡನ ಕಣ್ಣು ಕ್ಯಾನಿನಿಂದ ಹೆಂಡತಿಗೆ, ಹೆಂಡತಿಯಿಂದ ಕ್ಯಾನಿಗೆ ಎರಡು ಸಲ ಹೋಗಿ ಬಂತು.

ಗಂಡ: ನೀನೂನಾ?

ಹೆಂಡತಿ: ಮತ್ತಿನ್ನೇನ್ರೀ! ಒಂದು ಲೀಟರ್ ಕೊರೆ ಕಾಣಿಸ್ತು. ನೀವು ದಿನಾ ಬಾಗಿಲ ಹೊರಗೆ ನಿಂತು ಕಾಲು ಒತ್ಕೋತಿದ್ದಿದ್ದು ನಂಗೆ ಕಾಣಲ್ವಾ? ಪರೀಕ್ಷೆ ನಪಾಸಾಗೋದು ಬೇಡ ಅಂತ... ರಾತ್ರಿ ಪೂರ್ತಿ ಕೂತು ನೀರು ಕುಡಿದೆ, ನೀವೇ ಹಾಕಿದ ಕ್ಯಾನಿಂದು.

ಲ್ಯಾಬಿನಾಕೆ ಒಳಗೆ ಹೋಗಿ, ತುಂಬಿದ್ದನ್ನು ಸುರಿದು, ಹೊಸ ಕ್ಯಾನೊಂದನ್ನು ತಂದು ಕಿಂಡಿಯಲ್ಲಿಟ್ಟಳು.

ಲ್ಯಾಬಿನಾಕೆ: ನಾಳೆ ಇಷ್ಟು ಹೊತ್ತಿಗೆ. ನಿಮ್ಮದು ಮಾತ್ರ. ಒಂದೂಕಾಲಾದ್ರೆ ಒಂದೂಕಾಲೇ.

ಗಂಡ ಕ್ಯಾನನ್ನು ಎತ್ತಿ, ಅಲ್ಲಾಡಿಸಿ, ಮುಚ್ಚಳ ತಿರುಗಿಸಿ ನೋಡಿ, ಮತ್ತೆ ಕಿಂಡಿಯೊಳಗೆ ತಳ್ಳಿದ.

ಗಂಡ: ಇದು ಬೇಡಮ್ಮ. ಬೀಗ ಇರೋದು ಕೊಡಿ. ಮನೇಲಿ ಪ್ರೀತಿಸೋರು ಜಾಸ್ತಿ ಇದಾರೆ.