ಹಡಗಿನಿಂದ ಉಳಿದಾಕಿ ಯಾರು?

ನರ್ಸಬಾಯಿ ಅಂದಮೇಲೆ ದಿನಕ್ಕೊಂದು ಗಾಬರಿ ಇದ್ದದ್ದೇ. ಅಜ್ಜನ ಬಿಪಿ ನೋಡಲು ಹೋದರೆ, "ಹಂಗ ನಮ್ಮ ಎಮ್ಮೀದೂ ಒಂದಿಷ್ಟು ನೋಡ್ರಿ ಅಕ್ಕಾರ, ನಿನ್ನೆಯಿಂದ ಮೇವು ಮುಟ್ಟಿಲ್ಲ" ಅನ್ನುವ ಊರುಗಳು ನಮ್ಮವು. ಆದರೆ ಈಚೆಗೆ ಒಂದು ಹಾಡಿನ ಬೆನ್ನುಹತ್ತಿ ನಾನು ಬಿದ್ದ ಗಾಬರಿಗಳ ಮುಂದೆ ಅವೆಲ್ಲ ಏನೂ ಅಲ್ಲ.

ಕಣ್ಣಿನ ಪರೀಕ್ಷೆ

ಜಮಖಂಡಿಯ ನಮ್ಮ ಮನೆಯಲ್ಲಿ ನಾನು, ನಮ್ಮ ಮನೆಯವರು, ನಮ್ಮ ಅತ್ತೆ, ಮೂರೇ ಮಂದಿ. ಅತ್ತೆಯ ಕಣ್ಣಿನ ಪೊರೆ ತೆಗೆಸಿದೆವು. ಒಂದಿಷ್ಟು ದಿನ ಟೀವಿ ಬೇಡ ಅಂತ ನಮ್ಮ ಮನೆಯವರು ಕಟ್ಟುನಿಟ್ಟು ಮಾಡಿದರು. ಧಾರಾವಾಹಿ ನಿಂತದ್ದೇ ತಡ, ಅತ್ತೆಯ ತಲೆಯೊಳಗೆ ಎಪ್ಪತ್ತು ವರ್ಷದ ಹಿಂದಿನದು ಶುರುವಾಯಿತು. ಕರೀ ಕನ್ನಡಕ ಹಾಕಿಕೊಂಡು ಕಟ್ಟೆಯ ಮೇಲೆ ಕೂತು, ಅವರ ಅವ್ವ ಬೀಸುವಾಗ ಹಾಡುತ್ತಿದ್ದ ಪದ ಎತ್ತಿದರು:

ಹೊಳಿ ತುಂಬಿ ಬಂದಾವ, ಹಡಗೇರಿ ಹೊಂಟಾರ
ಮದಿವಿಯ ಮಂದಿ ಮುಳಗ್ಯಾರ – ಅದರಾಗ
ಒಬ್ಬಾಕಿ ತೇಲಿ ಬಂದಾಳ

"ಯಾರ್‍ರಿ ಆಕಿ?" ಅಂದೆ.

"ಗೊತ್ತಿಲ್ಲ. ನಮ್ಮವ್ವ ಇಲ್ಲೀಮಟ ಹಾಡಿ ನಿಲ್ಲಸತಿದ್ದಳು. ಮುಂದೇನ ಬೇ ಅಂದ್ರ, ಹಿಟ್ಟ ತುಂಬು ನಡಿ ಅಂತಿದ್ದಳು."

"ನಮ್ಮ ಹೊಳ್ಯಾಗ ಹಡಗ ಎಲ್ಲಿಂದ ಬರಬೇಕ ಯವ್ವಾ?" ಅಂದರು ನಮ್ಮ ಮನೆಯವರು.

"ಹಾಡಿನ್ಯಾಗ ಬಂದೈತಿ. ನೀ ಸುಮ್ನ ಕುಂಡ್ರು."

ಅವತ್ತಿನಿಂದ ಅತ್ತೆಗೆ ಬೇರೆ ಧ್ಯಾನವೇ ಇಲ್ಲ. ಅಷ್ಟೂ ಮಂದಿ ಮುಳುಗಿದ ಮೇಲೆ ಆ ಹೆಣ್ಣುಮಗಳು ದಡದಾಗ ಒಬ್ಬಾಕಿನ ಏನು ಮಾಡಿರಬೇಕು ಅಂತ ನೆನೆದು ಊಟ ಅರ್ಧಕ್ಕೇ ಬಿಡತೊಡಗಿದರು. "ಸಾಯೂದರಾಗ ಆಕಿ ಯಾರಂತ ನನಗ ಗೊತ್ತಾಗಬೇಕ" ಅಂದರು. ನಾನು ಹತ್ತೂರು ತಿರುಗುವಾಕೆ. ಕೇಳಿಕೊಂಡು ಬರುತ್ತೇನೆ ಅಂತ ಮಾತು ಕೊಟ್ಟೆ.

ಆ ವಾರವೇ ಕಣ್ಣು ತೋರಿಸಲು ಹೋದೆವು. ಡಾಕ್ಟರು ಒಂದು ಕಣ್ಣು ಮುಚ್ಚಿಸಿ, "ಏನ ಕಾಣತೈತ್ರಿ ಅಜ್ಜಿ?" ಅಂದರು.

ಅತ್ತೆ ಗೋಡೆಯ ಕಡೆ ಬಹಳ ಹೊತ್ತು ನೋಡಿ, "ಹಡಗ ಕಾಣತೈತ್ರಿ" ಅಂದರು.

ಡಾಕ್ಟರ ಮುಖ ಬಿಳಿಚಿತು. ಇನ್ನೊಂದು ಕಣ್ಣು ಮುಚ್ಚಿಸಿ, "ಈಗ?" ಅಂದರು.

"ಈಗ ಮುಳಗೇತ್ರಿ."

ಮಗ್ಗದ ಸದ್ದು

ಬನಹಟ್ಟಿಯಲ್ಲಿ ಒಬ್ಬ ನೇಕಾರರ ಮನೆಯ ಅಜ್ಜಿಗೆ ನೂರಾರು ಹಾಡು ಬರುತ್ತವೆ ಅಂತ ಗೊತ್ತಾಯಿತು. ಹೋದೆ. ಪಡಸಾಲೆಯಲ್ಲಿ ನಾಲ್ಕು ಪವರ್‌ಲೂಮು ಖಟಖಟ ಅನ್ನುತ್ತಿದ್ದವು. ಅಜ್ಜಿಗೆ ಕಿವಿ ಮಂದ. ಹಡಗು ಅಂದರೆ ಹಂಗಾಮು ಅಂತ ಕೇಳಿಸಿಕೊಂಡಳು. ಮುಳುಗಿತು ಅಂದರೆ ಮುಗಿತು ಅಂದಳು. ನಾನು ಅವಳ ಕಿವಿಗೇ ಬಾಯಿ ಇಟ್ಟು, ಇದ್ದ ಉಸಿರೆಲ್ಲ ಹಾಕಿ ಕೂಗಿದೆ.

ಸರಿಯಾಗಿ ಅದೇ ಹೊತ್ತಿಗೆ ಕರೆಂಟು ಹೋಯಿತು. ಆ ಮನೆಯದಷ್ಟೇ ಅಲ್ಲ, ಇಡೀ ಓಣಿಯದು. ಎಲ್ಲ ಮಗ್ಗ ಒಮ್ಮೆಲೇ ನಿಂತ ಆ ಮೌನದಾಗ ನನ್ನ ದನಿಯೊಂದೇ ಉಳಿಯಿತು: "ಮದಿವಿ ಮಂದಿ ಎಲ್ಲಾರೂ ಹೊಳ್ಯಾಗ ಮುಳಗ್ಯಾರ, ಒಬ್ಬಾಕಿ ಉಳದಾಳ."

ಮೂರು ಮನೆ ಆಚೆ ಒಬ್ಬ ಹೆಣ್ಣುಮಗಳು ಬಾಯಿ ಬಡಿದುಕೊಂಡು ಹೊರಗೆ ಬಂದಳು. ಅವಳ ತವರಿನವರು ಅವತ್ತು ಮದುವೆಗೆ ಹೋಗಿದ್ದರಂತೆ. ಓಣಿಗೆ ಓಣಿಯೇ ಮೊಬೈಲು ಕಿವಿಗೆ ಹಚ್ಚಿತು. ಹಾಡ್ರಿ, ಬರೀ ಹಾಡು ಅಂತ ನಾನು ಮನೆಮನೆಗೆ ಹೋಗಿ ಕೈಮುಗಿದೆ. ಆಕೆಯ ತವರಿನವರು ಫೋನ್ ಎತ್ತಿ, ನಾವು ಊಟಕ್ಕೆ ಕುಂತೇವಿ, ಯಾಕ ಅಂದಮೇಲೆ ನನಗೆ ಜೀವ ಬಂತು.

ನಾನು ಜಮಖಂಡಿಗೆ ಮುಟ್ಟುವುದರೊಳಗೆ ಸುದ್ದಿ ನನಗಿಂತ ಮುಂಚೆ ಮುಟ್ಟಿತ್ತು. ಬಾಜೂ ಮನೆಯಾಕೆ ನಮ್ಮ ಅತ್ತೆಯ ಮುಂದೆ ಕೂತು ಕಣ್ಣು ಒರೆಸಿಕೊಳ್ಳುತ್ತಿದ್ದಳು: "ಹೊಳ್ಯಾಗ ಮದಿವಿ ಮಂದಿ ಮುಳಗ್ಯಾರಂತ್ರಿ ಆಯಿ. ಒಬ್ಬಾಕಿ ಅಷ್ಟ ಉಳದಾಳಂತ."

ಅತ್ತೆ ಅವಳ ಕೈ ಗಟ್ಟಿ ಹಿಡಿದು ಕೇಳಿದರು: "ಆಕಿ ಯಾರಂತ?"

ನಿಮಗ ಯಾರು ಬೇಕು?

ಮುಂದಿನದು ಮಹಾಲಿಂಗಪುರ. ಬಸ್‌ಸ್ಟ್ಯಾಂಡಿನ ಹತ್ತಿರ ಬೀರೇಶ್ವರನ ಡೊಳ್ಳಿನ ಮೇಳದ ಹಿರಿಯರೊಬ್ಬರು ಸಿಕ್ಕರು. ಹೆಗಲ ಮೇಲೆ ಕಂಬಳಿ, ಕೈಯಾಗ ಚಹಾ. ನಾನು ಮೂರು ಸಾಲು ಹೇಳಿದ ಕೂಡಲೇ, "ಗೊತ್ತೈತ್ರಿ" ಅಂದರು. ನನಗೆ ಕಣ್ಣಾಗ ನೀರೇ ಬಂತು.

"ಯಾರು ಉಳೀತಾರ್‍ರಿ ಅದರಾಗ?"

ಅವರು ಚಹಾ ಮುಗಿಸಿ, ಮೀಸೆ ಒರೆಸಿ, "ನಿಮಗ ಯಾರು ಉಳೀಬೇಕ ಹೇಳ್ರಿ" ಅಂದರು.

ನನಗೆ ಗರ ಬಡಿದಂಗಾಯಿತು. "ಹಂಗಂದ್ರ?"

"ಹೆಣ್ಣಿನವರ ಮನ್ಯಾಗ ಹಾಡಿದ್ರ ಮದಿಮಗಳು ಉಳೀತಾಳ. ಗಂಡಿನವರ ಮನ್ಯಾಗಾದ್ರ ಮದಿಮಗನ ಅಕ್ಕ ಉಳೀತಾಳ. ಹೋದ ಸಲ ಒಂದೂರಾಗ ಹಾಡಿದಾಗ ಪಂಚಾಯ್ತಿ ಅಧ್ಯಕ್ಷರು ಉಳದ್ರು."

"ಅಲ್ರೀ, ಒಬ್ಬಾಕಿ ಅಂತ ಐತಿ. ಹೆಣ್ಣಮಗಳು."

"ಹೌದ್ರಿ. ಆ ಊರಾಗ ಸೀಟು ಮಹಿಳಾ ಇತ್ತಲ್ಲ."

ಅನಗವಾಡಿಯ ಬಾಗಿಲು

ಕಡೆಗೆ ಬೀಳಗಿ ಕಡೆಯ ಡ್ಯೂಟಿ ಬಂದಾಗ ಅನಗವಾಡಿಗೆ ಹೋದೆ. ಅಲ್ಲಿ ಹಿಂದೆ ದೋಣಿ ಹಾಕುತ್ತಿದ್ದ ಮನೆತನದ ಒಬ್ಬ ಅಜ್ಜಿ. ಬಿಪಿ ಪಟ್ಟಿ ಕಟ್ಟುತ್ತ ಹಾಡಿನ ಸುದ್ದಿ ತೆಗೆದೆ. ಅಜ್ಜಿ ಎದ್ದು ಬಾಗಿಲು ಮುಚ್ಚಿ ಅಗಳಿ ಹಾಕಿದಳು. ನನಗೆ ಅಂಜಿಕೆಯೇ ಆಯಿತು.

"ನಿಮ್ಮ ಅತ್ತಿ ಅದಾರೇನ್ರಿ ಇನ್ನ?" ಅಂದಳು ಸಣ್ಣ ದನಿಯಲ್ಲಿ.

"ಅದಾರ. ಅವರ ಸಲುವಾಗೇ ಕೇಳಾಕತ್ತೇನಿ."

"ಹಂಗಾರ ನಾ ಹಾಡೂದಿಲ್ಲ."

ಕೈ ಹಿಡಿದೆ, ಗಲ್ಲ ಹಿಡಿದೆ. ಕಡೆಗೆ ಅಜ್ಜಿ ಗೋಡೆಯ ಕಡೆ ಮುಖ ಮಾಡಿ ಹಾಡಿದಳು:

ಮದಿಮಗ ಮೊದಲಾಗಿ ಮಾವಯ್ಯ ಕಡೆಯಾಗಿ
ಎಲ್ಲರನು ನುಂಗಿ ಗಂಗವ್ವ – ಕಹಿ ಅಂತ
ಅತ್ತೀನ ಮಾತ್ರ ಉಗಳ್ಯಾಳ

ಬಸ್ಸಿನಲ್ಲಿ ಮನೆಯ ತನಕ ನನಗೆ ಒಂದೇ ಚಿಂತೆ. ಇದನ್ನು ಅತ್ತೆಗೆ ಯಾವ ಬಾಯಿಂದ ಹೇಳಲಿ? ಇಪ್ಪತ್ತಾರು ವರ್ಷ ಒಂದೇ ಒಲೆಯ ಮುಂದೆ ಕಳೆದಿದ್ದೇವೆ. ಒಳಗೆ ಕಾಲಿಟ್ಟವಳೇ, "ಮದಿಮಗಳು ಉಳದಾಳ್ರಿ" ಅಂದುಬಿಟ್ಟೆ.

"ಸುಳ್ಳ ಹೇಳಬ್ಯಾಡ. ನಿನ್ನ ಮಾರಿ ಯಾಕ ಹಿಂಗಾಗೇತಿ?" ಅಂದರು ಅತ್ತೆ.

ಹಾಡಿದೆ. ಕಣ್ಣು ಮುಚ್ಚಿಕೊಂಡೇ ಹಾಡಿದೆ. ನಮ್ಮ ಮನೆಯವರು ಪೇಪರನ್ನು ಮುಖದ ತನಕ ಎತ್ತಿ ಹಿಡಿದರು. ಅತ್ತೆಯ ಹೊಟ್ಟೆ ಕುಲುಕತೊಡಗಿತು. ಅಳುತ್ತಾರೆ ಅಂದುಕೊಂಡು ನೀರು ತಂದೆ.

"ಬೀಸೂಕಲ್ಲಿಗೆ ನಮ್ಮವ್ವನ ಎದುರಿಗೆ ಕುಂಡ್ರತಿದ್ದಾಕಿ ಆಕೀ ಅತ್ತೀನ ಬೇ" ಅಂದರು, ನಗು ತಡೆಯಲಾರದೆ. "ಮುಂದಿನ ಸಾಲು ಹೆಂಗ ಹಾಡತಾಳ ಪಾಪ, ನಮ್ಮವ್ವ?" ಅವತ್ತು ಎರಡು ರೊಟ್ಟಿ ಹೆಚ್ಚಿಗೆ ಉಂಡರು.

ಮುಂದಿನ ವಾರ ಒಬ್ಬ ಬಸುರಿ ಹೆಣ್ಣುಮಗಳ ಕುಬಸದ ಕಾರ್ಯಕ್ಕೆ ಮೂವರೂ ಬಸ್ಸು ಹತ್ತಿದೆವು. ಸೇತುವೆಯ ಮೇಲೆ ಬಂದಾಗ ಎರಡೂ ಕಡೆ ಕಣ್ಣು ಹಾಯುವ ತನಕ ನೀರು. ಅತ್ತೆ ತಮ್ಮ ಸೆರಗಿನ ತುದಿ ನನ್ನ ಕೈಗೆ ಕೊಟ್ಟು, "ಗಟ್ಟಿ ಹಿಡ್ಕೋ. ಏನರ ಆದ್ರ ಹೊರಗ ಬರಾಕಿ ನಾ ಒಬ್ಬಾಕಿನ" ಅಂದರು.

ಹಿಂದಿನ ಸೀಟಿನಿಂದ ನಮ್ಮ ಮನೆಯವರು ಬಾಗಿ, "ನಾ ಏನ ಹಿಡ್ಕೊಳ್ಳಲಿ ಯವ್ವಾ?" ಅಂದರು.

ಅತ್ತೆ ಹಿಂದೆ ತಿರುಗಿ ಸಹ ನೋಡಲಿಲ್ಲ. "ನೀ ಏನೂ ಹಿಡ್ಕೋಬ್ಯಾಡಪಾ" ಅಂದರು. "ಮದಿಮಗ ಮೊದಲ ಹೋಗ್ಯಾನ."