ಚಿಕ್ಕಮ್ಮನ ಕ್ಯೂಬಿಸಂ

ನಮ್ಮ ಚಿಕ್ಕಮ್ಮನ ಕೈಗೆ ಕತ್ತರಿ ಸಿಗದಂತೆ ನೋಡಿಕೊಳ್ಳಲು ನಮ್ಮ ಅವಲಪಲ್ಲಿ ಊರಿನವರು ಒಂದು ಕಾವಲು ಸಮಿತಿ ಮಾಡಿಕೊಳ್ಳುವುದು ಒಳ್ಳೆಯದು. ಡ್ರಾಯಿಂಗ್ ಟೀಚರಾಗಿ ನಿವೃತ್ತಳಾದವಳು ಹಪ್ಪಳ ಒತ್ತಬಹುದಿತ್ತು, ಸೀರಿಯಲ್ ನೋಡಬಹುದಿತ್ತು. ಇವಳು ಬಟ್ಟೆಗೆ ಕ್ಯೂಬಿಸಂ ತರಲು ಹೊರಟಳು! ನೂರು ವರ್ಷದ ಹಿಂದೆ ಪ್ಯಾರಿಸ್ಸಿನ ಕೆಲವು ಚಿತ್ರಕಾರರು ಮುಖವನ್ನು ತುಂಡುತುಂಡಾಗಿ ಒಡೆದು, ಎದುರಿನ ಕಣ್ಣು, ಪಕ್ಕದ ಮೂಗು ಎಲ್ಲವನ್ನೂ ಒಟ್ಟಿಗೆ ಬರೆದರಂತೆ. ಚಿಕ್ಕಮ್ಮ ಅದನ್ನೇ ಕುರ್ತಾಗಳಿಗೆ ಮಾಡಿದಳು. ಒಂದು ಡಜನ್ ಕುರ್ತಾ. ಒಂದಕ್ಕೂ ಎಡಬಲ ಹೊಂದುವುದಿಲ್ಲ.

ಪಕ್ಕದ ಮೂಕಂಡಪಲ್ಲಿಯ ತಮಿಳು ಟೈಲರ್ ಮೊದಲನೆಯದನ್ನು ಹೊಲಿದು ತಂದು, "ಕೋಣಲಾ ಇರುಕ್ಕು ಮೇಡಂ" ಎಂದ. ಸೊಟ್ಟಗಾಗಿದೆಯಲ್ಲ ಎಂದು ಅವನ ಸಂಕಟ. ಚಿಕ್ಕಮ್ಮ ತಿರುಗಿಸಿ ನೋಡಿ, ಸಾಲದು, ಇನ್ನೂ ಸೊಟ್ಟ ಮಾಡು ಎಂದು ವಾಪಸ್ಸು ಕಳಿಸಿದಳು. ಹನ್ನೆರಡನ್ನೂ ಹೇಗೋ ಮುಗಿಸಿಕೊಟ್ಟವನು ಈಗ ನಮ್ಮ ಬೀದಿಯಲ್ಲಿ ಗಾಡಿ ನಿಲ್ಲಿಸುವುದೇ ಇಲ್ಲ.

ಮಹಿಳಾ ಸಂಘದ ವಾರ್ಷಿಕೋತ್ಸವದಲ್ಲಿ ಪ್ರದರ್ಶನವೆಂದು ನಿಶ್ಚಯವಾಯಿತು. ರೂಪದರ್ಶಿ ಯಾರು? ನಾನು! ಐವತ್ತು ಸಮೀಪಿಸಿದ ಗಣಿತದ ಟೀಚರು; ಮಕ್ಕಳಿಗೆ ವೃತ್ತ ಕಲಿಸಲು ನನಗೆ ಬೇರೆ ಉಪಕರಣ ಬೇಕಿಲ್ಲ. ನಡಿಗೆಯೋ, ಗ್ಯಾಸ್ ಸಿಲಿಂಡರ್ ಉರುಳಿಸಿದಂತೆ. ಕುರ್ತಾ ತೊಟ್ಟು ಕನ್ನಡಿ ನೋಡಿದೆ. ಒಂದು ತೋಳು ಅಗಲ, ಇನ್ನೊಂದು ಬಿಗಿ, ಕಾಲರ್ ಭುಜದ ಹತ್ತಿರ, ಎದೆಯ ಮೇಲೆ ಹಳದಿ, ನೇರಳೆ ತ್ರಿಕೋನಗಳು. ಯಾವ ಕಡೆಯಿಂದ ಮಾತಾಡಿಸಲಿ ಎಂದು ನನ್ನ ಗಂಡ ವಿನಯದಿಂದಲೇ ಕೇಳಿದರು.

ವೇದಿಕೆಯ ಪಕ್ಕ ನಿಂತು ಅಭ್ಯಾಸದಂತೆ ದುಪಟ್ಟಾ ಹೊದ್ದೆ. ಚಿಕ್ಕಮ್ಮ ಅದನ್ನು ಮೆಲ್ಲಗೆ ಎಳೆದುಕೊಂಡಳು.

ಹೋದ ವರ್ಷ ಗಡ್ಡೆಯೆಂದು ನನ್ನ ಎಡಸ್ತನವನ್ನು ತೆಗೆದಿದ್ದರು. ಆಮೇಲೆ ಮೈತುಂಬ ಹೊದೆಯದೆ ನಾನು ಹಾಲಿನವನಿಗೂ ಬಾಗಿಲು ತೆರೆದವಳಲ್ಲ. ಜನ ನೋಡುತ್ತಾರೆ ಎಂದೆ.

"ನೋಡ್ಲಿ ಬುಡು," ಎಂದಳು ಚಿಕ್ಕಮ್ಮ. "ಎರಡು ಕಡೆನೂ ಒಂದೇ ಥರ ಇರ್ಬೇಕು ಅಂತ ಯಾರು ಹೇಳಿದ್ರೇ? ಇಷ್ಟೂ ನಿನಗೋಸ್ಕರಾನೇ ಹೊಲಿಸಿದ್ದು ಕಣೇ. ಪ್ರದರ್ಶನ ಅನ್ನೋದು ಬರೀ ನೆಪ."

ನಾನು ವೇದಿಕೆಗೆ ಹೋದೆ. ಮೊದಲು ಕಾಲು ತೊಡರಿತು. ಮುಂದಿನ ಸಾಲಿನವರು ನಕ್ಕರು, ನಾನೂ ನಕ್ಕೆ. ಆ ನಗುವಿನಲ್ಲೇ ಅಷ್ಟು ದಿನ ಮುದುಡಿಕೊಂಡಿದ್ದ ಬೆನ್ನು ನೆಟ್ಟಗಾಯಿತು. ತುದಿಯವರೆಗೂ ನಡೆದು, ನಿಂತು, ಎಲ್ಲರಿಗೂ ಕಾಣುವಂತೆ ತಿರುಗಿದೆ.

ಒಳಗೆ ಬಂದಾಗ ಚಿಕ್ಕಮ್ಮ ನನ್ನ ಕೆನ್ನೆ ಸವರಿ, ಇನ್ನೊಂದು ಕುರ್ತಾ ಕೈಗಿಟ್ಟಳು.